ಜ್ವರದ ಬೆನ್ನು ಹತ್ತಿದ ಡಾಕ್ಟರು

ನಮ್ಮ ಕನ್ನಡ ಸಂಘದಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು ಐದಾರು ಜನ ಇದ್ದೀವಿ. ರಜೆ ಮುಗಿಸಿ ಹಾಸ್ಟೆಲ್‌ಗೆ ವಾಪಸ್ ಬಂದ ದಿನ ಊರಿಂದ ತಂದ ತಿಂಡಿ ಹರಡಿಕೊಂಡು ಕೂರುವುದು ನಮ್ಮ ರೂಢಿ. ಈ ಸಲ ಹನೂರು ಕಡೆಯ ಗೆಳೆಯ ತಿಂಡಿ ತಂದಿರಲಿಲ್ಲ, ಒಂದು ಪ್ಲಾಸ್ಟಿಕ್ ಫೈಲ್ ತಂದಿದ್ದ. ಅದರೊಳಗೆ ಅವನ ದೊಡ್ಡಪ್ಪನ ಸಿ.ಟಿ. ಸ್ಕ್ಯಾನ್ ರಿಪೋರ್ಟು, ಬಯಾಪ್ಸಿ ರಿಪೋರ್ಟು. ಶ್ವಾಸಕೋಶದ ಕ್ಯಾನ್ಸರ್. ದೊಡ್ಡಪ್ಪ ಇಪ್ಪತ್ತು ವರ್ಷ ಕಲ್ಲು ಕ್ವಾರಿಯ ಧೂಳಿನಲ್ಲಿ ದುಡಿದವರು, ಬೀಡಿ ಸೇದುವವರು. ಬೆಂಗಳೂರಿನ ಡಾಕ್ಟರು ಇಮ್ಯುನೋಥೆರಪಿ ಕೊಡಬಹುದಾ ಅಂತ ನೋಡಲು ಇನ್ನೊಂದು ಟೆಸ್ಟ್ ಬರೆದುಕೊಟ್ಟಿದ್ದರು.

ಹಾಗಂದರೆ ಏನು ಅಂತ ಮನೆಯವರು ಕೇಳಿದಾಗ ನಮ್ಮ ಗೆಳೆಯ, ಮೈಯೊಳಗಿನ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಿ ಕ್ಯಾನ್ಸರ್ ಮೇಲೆ ಬಿಡೋದು, ಒಂಥರಾ ಲಸಿಕೆ ಇದ್ದಂಗೆ ಅಂದುಬಿಟ್ಟಿದ್ದ. ಅವನ ದೊಡ್ಡಮ್ಮ ಅಲ್ಲೇ ಹಿಡಿದುಕೊಂಡರು. ಲಸಿಕೆ ಹಾಕೋದು ಕಾಯಿಲೆ ಬರೋಕೆ ಮುಂಚೆ ಅಲ್ವಾ, ಬಂದು ಕೂತ ಮೇಲೆ ಹಾಕಿ ಏನು ಪ್ರಯೋಜನ ಅಂತ ಕೇಳಿದರಂತೆ. ಇವನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ.

ನಮ್ಮ ಕಡೆಗೆ ಲಸಿಕೆ ಹೊಸದೇನೂ ಅಲ್ಲ. ಅಜ್ಜಿಯರ ತೋಳಿನ ಮೇಲೆ ಇರುವ ದುಂಡನೆಯ ಕಲೆ ನೋಡಿದ್ದೀರಲ್ಲ, ದಾಕು ಹಾಕಿಸಿಕೊಂಡದ್ದು ಅಂತಾರೆ. ಅದು ಸಿಡುಬಿನ ಲಸಿಕೆ. ಮೈಸೂರು ಸೀಮೆಗೆ ಅದು ಬಂದದ್ದು ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲೇ. ಆಗ ದಿವಾನರಾಗಿದ್ದವರು ಪೂರ್ಣಯ್ಯ. 1807ರಲ್ಲಿ ಯಳಂದೂರು ಜಹಗೀರಾಗಿ ಸಿಕ್ಕಿದ್ದು ಇವರಿಗೇ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬ ಎಳೆಯ ರಾಣಿ ಸೆರಗು ಸರಿಸಿ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನೇ, ಜನರ ಭಯ ಬಿಡಿಸಲಿಕ್ಕೆ ಅಂತಲೇ ಆ ಚಿತ್ರ ಬರೆಸಿದ್ದು ಎನ್ನುವುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಅಂದರೆ ದೊಡ್ಡಮ್ಮನ ಪ್ರಶ್ನೆಯ ಹಿಂದೆ ಇನ್ನೂರು ವರ್ಷದ ಅನುಭವ ಇದೆ: ಲಸಿಕೆ ಮುಂಜಾಗ್ರತೆಗೆ.

ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕವರು ವಿಲಿಯಂ ಬ್ರಾಡ್ಲಿ ಕೋಲಿ. ಕ್ಯಾನ್ಸರ್ ಇಮ್ಯುನೋಥೆರಪಿಯ ಪಿತಾಮಹ ಅಂತ ಪಠ್ಯಪುಸ್ತಕಗಳು ಈಗ ಕರೆಯುವ ಇವರನ್ನು, ಬದುಕಿದ್ದಾಗ ಎಷ್ಟೋ ಜನ ಸಹೋದ್ಯೋಗಿಗಳು ನಂಬಿರಲಿಲ್ಲ. ಅವರ ಕಥೆ ಓದಿದರೆ ದೊಡ್ಡಮ್ಮನಿಗೆ ಹೇಳೋಕೆ ಉತ್ತರ ಸಿಗುತ್ತೆ. ಜೊತೆಗೆ ಇಂಜಿನಿಯರಿಂಗ್ ಓದುವ ನಮಗೂ ಒಂದು ಪಾಠ ಸಿಗುತ್ತೆ.

ರೈಲಿನಲ್ಲಿ ಕೈ ಸಿಕ್ಕಿಸಿಕೊಂಡ ಹುಡುಗಿ

ಕೋಲಿ ಹುಟ್ಟಿದ್ದು 1862ರ ಜನವರಿ 12ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಯೇಲ್‌ನಲ್ಲಿ 1884ರಲ್ಲಿ ಪದವಿ ಮುಗಿಸಿ, ಎರಡು ವರ್ಷ ದೇಶದ ಇನ್ನೊಂದು ತುದಿಯ ಪೋರ್ಟ್‌ಲೆಂಡ್‌ನಲ್ಲಿ ಶಾಲಾ ಮೇಷ್ಟರಾಗಿ ಲ್ಯಾಟಿನ್, ಗ್ರೀಕ್ ಹೇಳಿಕೊಟ್ಟರು. ಆಮೇಲೆ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ 1888ರಲ್ಲಿ ಡಾಕ್ಟರಾದರು. ನ್ಯೂಯಾರ್ಕ್‌ನ ಆಸ್ಪತ್ರೆಯಲ್ಲಿ ಸರ್ಜರಿ ಕಲಿತರು. ಕೈ ಚುರುಕು, ಹೆಸರಾಂತ ಸರ್ಜನ್‌ಗಳ ಜೊತೆ ಓಡಾಟ. ಎಲ್ಲ ಸರಾಗವಾಗಿ ನಡೀತಿತ್ತು.

1890ರ ಬೇಸಿಗೆಯಲ್ಲಿ ಎಲಿಜಬೆತ್ ಡ್ಯಾಶಿಯೆಲ್ ಎಂಬ 17 ವರ್ಷದ ಹುಡುಗಿ ರೈಲು ಪ್ರಯಾಣದಲ್ಲಿ ಸೀಟುಗಳ ನಡುವೆ ಕೈ ಸಿಕ್ಕಿಸಿಕೊಂಡಳು. ಮನೆಯವರು ಕರೆಯುತ್ತಿದ್ದದ್ದು ಬೆಸ್ಸಿ ಅಂತ. ಸಣ್ಣ ಪೆಟ್ಟು, ಊದಿಕೊಂಡಿತು, ನೋವು ಹೋಗಲಿಲ್ಲ. ಆ ವರ್ಷದ ಕೊನೆಯಲ್ಲಿ ಕೋಲಿ ಹತ್ತಿರ ಬಂದಾಗ ಮೊದಲು ಸೋಂಕು ಅಂದುಕೊಂಡರು. ಆಮೇಲೆ ಗೊತ್ತಾಗಿದ್ದು ಸಾರ್ಕೋಮಾ, ಮೂಳೆ ಮಾಂಸಗಳಲ್ಲಿ ಹುಟ್ಟುವ ಕ್ಯಾನ್ಸರ್. ಆಗ ಇದ್ದ ಮದ್ದು ಒಂದೇ, ಕತ್ತರಿಸುವುದು. ಕೋಲಿ ಆಕೆಯ ಮುಂಗೈಯನ್ನು ಕತ್ತರಿಸಿ ತೆಗೆದರು. ಅಷ್ಟರಲ್ಲಿ ಗಡ್ಡೆ ಮೈತುಂಬ ಹರಡಿಯಾಗಿತ್ತು. 1891ರ ಜನವರಿ 23ರಂದು ಬೆಸ್ಸಿ ತೀರಿಕೊಂಡಳು.

ಕೋಲಿಗೆ ಆಗ 29. ಡಾಕ್ಟರಾಗಿ ಮೂರು ವರ್ಷವೂ ತುಂಬಿರಲಿಲ್ಲ. ಸರಿಯಾದ ಆಪರೇಷನ್ ಮಾಡಿದರೂ ಹುಡುಗಿ ಉಳಿಯಲಿಲ್ಲ ಅನ್ನೋದು ಅವರನ್ನು ಬಿಡದೆ ಕಾಡಿತು. ಮುಂದೆ ಏನು ಮಾಡಬೇಕು ಅಂತ ತೋಚದೆ ಅವರು ಹೋದದ್ದು ಆಸ್ಪತ್ರೆಯ ರೆಕಾರ್ಡ್ ರೂಮಿಗೆ. ಹಿಂದೆ ಬಂದುಹೋದ ಸಾರ್ಕೋಮಾ ರೋಗಿಗಳ ಕೇಸ್ ಶೀಟುಗಳನ್ನು ಒಂದೊಂದಾಗಿ ತೆಗೆದು ಓದತೊಡಗಿದರು. ಯಾರಾದರೂ ಉಳಿದಿದ್ದಾರಾ? ಉಳಿದಿದ್ದರೆ ಯಾಕೆ?

ಫೈಲಿನಲ್ಲಿ ಸಿಕ್ಕ ಪೇಂಟರ್

ಬಹುಪಾಲು ಕಾಗದಗಳ ಕೊನೆ ಒಂದೇ ಥರ ಇತ್ತು. ಒಂದು ಮಾತ್ರ ಬೇರೆ. ಫ್ರೆಡ್ ಸ್ಟೈನ್ ಎಂಬ ಜರ್ಮನ್ ವಲಸಿಗ, ಮನೆಗಳಿಗೆ ಬಣ್ಣ ಹೊಡೆಯುವ ಕೆಲಸದವನು. ಕುತ್ತಿಗೆಯಲ್ಲಿ ಸಾರ್ಕೋಮಾ. ಹಲವು ಸಲ ಆಪರೇಷನ್ ಮಾಡಿದರೂ ಗಡ್ಡೆ ಮತ್ತೆ ಮತ್ತೆ ಬೆಳೆದಿತ್ತು. ಇನ್ನು ಆಗಲ್ಲ ಅಂತ ಡಾಕ್ಟರು ಕೈಬಿಟ್ಟಿದ್ದರು. ಅಷ್ಟರಲ್ಲಿ ಅವನಿಗೆ ಎರಿಸಿಪೆಲಸ್ ತಗುಲಿತು. ಇದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಚರ್ಮದ ಸೋಂಕು. ನಮ್ಮ ಆಯುರ್ವೇದದವರು ವಿಸರ್ಪ ಅನ್ನುವುದಕ್ಕೆ ಹತ್ತಿರದ್ದು. ಚರ್ಮ ಕೆಂಪಗೆ ಉರಿದು, ಚಳಿಜ್ವರ ಏರುತ್ತದೆ. ಆಂಟಿಬಯಾಟಿಕ್ ಇಲ್ಲದ ಆ ಕಾಲದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಇದರಿಂದಲೇ ಸಾಯುವವರು ಬಹಳ. ಸ್ಟೈನ್ ಸಾಯಲಿಲ್ಲ. ಜ್ವರ ಬಂದ ಹಾಗೆಲ್ಲ ಗಡ್ಡೆ ಕರಗುತ್ತಾ ಬಂತು. 1885ರಲ್ಲಿ ಮನೆಗೆ ಕಳಿಸಿದರು. ಕಾಗದ ಅಲ್ಲಿಗೆ ಮುಗಿದಿತ್ತು.

ಇಲ್ಲಿ ಕೋಲಿ ಮಾಡಿದ ಕೆಲಸ ನಮಗೆ ತುಂಬಾ ಇಷ್ಟವಾಯಿತು. ಕೇಸ್ ಶೀಟನ್ನು ನಂಬಿ ಅಲ್ಲಿಗೇ ಬಿಡಲಿಲ್ಲ. ಆ ಮನುಷ್ಯ ಇನ್ನೂ ಇದ್ದಾನಾ ನೋಡೋಣ ಅಂತ ಹೊರಟರು. ಫೋನ್ ನಂಬರ್ ಇಲ್ಲ, ಆಧಾರ್ ಇಲ್ಲ. ನ್ಯೂಯಾರ್ಕ್‌ನ ಬಡ ವಲಸಿಗರು ಕಿಕ್ಕಿರಿದಿದ್ದ ಕೆಳ ಮ್ಯಾನ್‌ಹಟನ್‌ನ ವಠಾರಗಳಲ್ಲಿ ಮೆಟ್ಟಿಲು ಹತ್ತಿ ಇಳಿದು, ಮನೆ ಮನೆ ಬಾಗಿಲು ತಟ್ಟಿ ವಿಚಾರಿಸಿದರು. ಕೊನೆಗೂ ಸ್ಟೈನ್ ಸಿಕ್ಕ. ಕುತ್ತಿಗೆಯಲ್ಲಿ ದೊಡ್ಡ ಗಾಯದ ಕಲೆ, ಕ್ಯಾನ್ಸರಿನ ಸುಳಿವೇ ಇಲ್ಲ. ಕೈಬಿಟ್ಟ ರೋಗಿ ಆರೇಳು ವರ್ಷದ ನಂತರ ಗಟ್ಟಿಮುಟ್ಟಾಗಿ ನಿಂತಿದ್ದ.

ಈ ಥರದ್ದನ್ನು ಕಂಡವರು ಕೋಲಿ ಒಬ್ಬರೇ ಅಲ್ಲ. ಜರ್ಮನಿಯಲ್ಲಿ ವಿಲ್ಹೆಲ್ಮ್ ಬುಶ್ ಎಂಬ ಡಾಕ್ಟರು 1860ರ ದಶಕದಲ್ಲೇ ಎರಿಸಿಪೆಲಸ್ ಬಂದ ರೋಗಿಯ ಗಡ್ಡೆ ಕುಗ್ಗಿದ್ದನ್ನು ಬರೆದಿಟ್ಟಿದ್ದರು. ಫ್ರೆಡ್ರಿಕ್ ಫೆಲೈಸನ್ 1880ರ ದಶಕದಲ್ಲಿ ಆ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ, ಕೆಲವು ರೋಗಿಗಳಿಗೆ ಚುಚ್ಚಿಯೂ ನೋಡಿದ್ದರು. ಅವರೆಲ್ಲ ಅಲ್ಲಲ್ಲೇ ನಿಂತರು. ಕೋಲಿ ಮಾತ್ರ ಇದರ ಬೆನ್ನು ಬಿಡದೆ ನಲವತ್ತಕ್ಕೂ ಹೆಚ್ಚು ವರ್ಷ ಕಳೆದರು.

ಬೇಕಂತಲೇ ಬರಿಸಿದ ಜ್ವರ

1891ರ ಮೇ ತಿಂಗಳಲ್ಲಿ ಕೋಲಿ ತಮ್ಮ ಮೊದಲ ರೋಗಿಗೆ ಜೀವಂತ ಸ್ಟ್ರೆಪ್ಟೋಕಾಕಸ್ ಚುಚ್ಚಿದರು. ರೋಗಿಯ ಹೆಸರು ಜೋಲಾ, ಇಟಲಿಯಿಂದ ಬಂದವನು. ಕುತ್ತಿಗೆಯಲ್ಲೊಂದು ಗಡ್ಡೆ, ಟಾನ್ಸಿಲ್ ಹತ್ತಿರ ಇನ್ನೊಂದು. ನುಂಗಲೂ ಆಗದ ಸ್ಥಿತಿ. ಬದುಕು ಕೆಲವೇ ವಾರ ಅಂತ ಎಲ್ಲರೂ ಅಂದುಕೊಂಡಿದ್ದರು.

ಮೊದಮೊದಲು ಅಷ್ಟೇನೂ ಆಗಲಿಲ್ಲ. ಚುಚ್ಚಿದಾಗ ಸಣ್ಣ ಜ್ವರ, ಗಡ್ಡೆ ಸ್ವಲ್ಪ ಕುಗ್ಗುವುದು, ನಿಲ್ಲಿಸಿದರೆ ಮತ್ತೆ ಬೆಳೆಯುವುದು. ಬ್ಯಾಕ್ಟೀರಿಯಾದ ತಳಿ ಸಪ್ಪೆ ಅನ್ನಿಸಿತು. ಜರ್ಮನಿಯ ರಾಬರ್ಟ್ ಕೋಖ್ ಅವರ ಪ್ರಯೋಗಾಲಯದಿಂದ ಬಲವಾದ ತಳಿ ತರಿಸಿದರು. ಅಕ್ಟೋಬರ್‌ನಲ್ಲಿ ಅದನ್ನು ಚುಚ್ಚಿದ ಒಂದು ಗಂಟೆಯೊಳಗೆ ಜೋಲಾ ಗಡಗಡ ನಡುಗತೊಡಗಿದ, ಜ್ವರ ವಿಪರೀತ ಏರಿತು, ನಿಜವಾದ ಎರಿಸಿಪೆಲಸ್ ಬಂತು. ಸಾಯುವ ಹಂತಕ್ಕೂ ಹೋದ. ಅದೇ ಹೊತ್ತಿಗೆ ಕುತ್ತಿಗೆಯ ಗಡ್ಡೆ ಒಡೆದು ಕರಗಲು ಶುರುವಾಗಿ, ಎರಡು ವಾರದಲ್ಲಿ ಮಾಯವಾಯಿತು. ಜೋಲಾ ಇನ್ನೂ ಎಂಟು ವರ್ಷ ಬದುಕಿದ.

ಇದನ್ನು ಪವಾಡದ ಥರ ಬರೆಯೋದು ಸುಲಭ. ಆದರೆ ಮುಂದಿನ ರೋಗಿಗಳ ಕಥೆ ಹಾಗಿರಲಿಲ್ಲ. ಕೆಲವರಿಗೆ ಎಷ್ಟು ಚುಚ್ಚಿದರೂ ಸೋಂಕೇ ಹತ್ತಲಿಲ್ಲ. ಕೆಲವರಿಗೆ ಹತ್ತಿದರೂ ಗಡ್ಡೆ ಕದಲಲಿಲ್ಲ. ಇಬ್ಬರು ಆ ಸೋಂಕಿನಿಂದಲೇ ಸತ್ತರು. ಬದುಕಿಸಲು ಹೋಗಿ ಕೊಂದ ಲೆಕ್ಕವೂ ಕೋಲಿ ಹೆಸರಿನಲ್ಲಿತ್ತು. ಈ ಕಾಲದಲ್ಲಾಗಿದ್ದರೆ ಯಾವ ಎಥಿಕ್ಸ್ ಕಮಿಟಿಯೂ ಇದಕ್ಕೆ ಒಪ್ಪುತ್ತಿರಲಿಲ್ಲ ಅನ್ನೋದನ್ನ ನಾವು ಮರೆಯಬಾರದು.

ಇಲ್ಲಿ ಅವರು ದಾರಿ ಬದಲಿಸಿದರು. ಜೀವಂತ ಬ್ಯಾಕ್ಟೀರಿಯಾ ಬೇಡ, ಕಾಯಿಸಿ ಕೊಂದದ್ದನ್ನು ಕೊಡೋಣ. ಬೇಕಾಗಿರೋದು ಕಾಯಿಲೆ ಅಲ್ಲ, ಕಾಯಿಲೆ ಬಂದಾಗ ಮೈ ತೋರಿಸುವ ಪ್ರತಿಕ್ರಿಯೆ. ಸ್ಟ್ರೆಪ್ಟೋಕಾಕಸ್ ಜೊತೆ ಇನ್ನೊಂದು ಬ್ಯಾಕ್ಟೀರಿಯಾ, ಈಗ ಸೆರೇಶಿಯಾ ಅಂತ ಕರೆಯುವುದನ್ನು, ಸೇರಿಸಿದರು. ಈ ಮಿಶ್ರಣಕ್ಕೆ ಮುಂದೆ ಕೋಲಿ ಟಾಕ್ಸಿನ್ ಅಂತಲೇ ಹೆಸರಾಯಿತು. ಸತ್ತ ರೋಗಾಣುವನ್ನು ಚುಚ್ಚಿ ಮೈಯ ಪಡೆಯನ್ನು ಎಬ್ಬಿಸುವುದು ಲಸಿಕೆಯ ವಿಧಾನವೇ. ಅದನ್ನು ರೋಗ ಬಂದ ಮೇಲೆ, ಬೇರೆಯದೇ ರೋಗದ ಮೇಲೆ ತಿರುಗಿಸಿದ್ದು ಹೊಸತು.

1893ರ ಜನವರಿ 24ರಂದು ಜಾನ್ ಫಿಕೆನ್ ಎಂಬ ಯುವಕನಿಗೆ ಇದನ್ನು ಕೊಡಲು ಶುರು ಮಾಡಿದರು. ಹೊಟ್ಟೆಯಲ್ಲಿ ದೊಡ್ಡ ಗಡ್ಡೆ, ಆಪರೇಷನ್ ಮಾಡಲು ಸಾಧ್ಯವೇ ಇಲ್ಲದ್ದು. ಕೆಲವು ದಿನಕ್ಕೊಂದು ಸಲ, ನೇರ ಗಡ್ಡೆಗೇ ಇಂಜೆಕ್ಷನ್. ಪ್ರತಿ ಸಲವೂ ಚಳಿ, ಜ್ವರ. ಡೋಸ್ ನಿಧಾನವಾಗಿ ಏರಿಸುತ್ತಾ ಹೋದರು. ಮೇ ತಿಂಗಳ ಹೊತ್ತಿಗೆ ಗಡ್ಡೆ ಬಹುಪಾಲು ಕರಗಿತ್ತು. ಫಿಕೆನ್ ಮುಂದೆ 26 ವರ್ಷ ಬದುಕಿ, ಹೃದಯಾಘಾತದಿಂದ ತೀರಿಕೊಂಡ. ಕ್ಯಾನ್ಸರ್ ಮತ್ತೆ ಬರಲಿಲ್ಲ.

ಯಾಕೆ ಯಾರೂ ನಂಬಲಿಲ್ಲ?

ಇಷ್ಟೆಲ್ಲ ಆದ ಮೇಲೆ ಜಗತ್ತೇ ಕೋಲಿ ಹಿಂದೆ ಬರಬೇಕಿತ್ತಲ್ಲ? ಬರಲಿಲ್ಲ. ನಮ್ಮಲ್ಲಿ ಇದರ ಬಗ್ಗೆ ತುಂಬಾ ಚರ್ಚೆ ಆಯಿತು. ಮೇಧಾವಿಯನ್ನು ತುಳಿದರು ಅಂತ ಒಂದು ಗುಂಪು, ಡೇಟಾ ಸರಿ ಇರಲಿಲ್ಲ ಅಂತ ಇನ್ನೊಂದು. ಓದಿದಷ್ಟೂ ಎರಡನೇ ಗುಂಪಿನ ಮಾತಿನಲ್ಲೇ ಹೆಚ್ಚು ತೂಕ ಕಂಡಿತು.

ಮೊದಲನೆಯದು, ಯಾಕೆ ಕೆಲಸ ಮಾಡುತ್ತೆ ಅಂತ ಕೋಲಿಗೇ ಗೊತ್ತಿರಲಿಲ್ಲ. ಟಿ-ಜೀವಕೋಶ ಏನು ಮಾಡುತ್ತೆ ಅನ್ನೋದು ಗೊತ್ತಾಗಿದ್ದು ಅವರು ಸತ್ತು ದಶಕಗಳಾದ ಮೇಲೆ. ಬ್ಯಾಕ್ಟೀರಿಯಾದ ವಿಷವೇ ಗಡ್ಡೆಯನ್ನು ಕೊಲ್ಲುತ್ತೆ ಅಂತ ಅವರು ಅಂದುಕೊಂಡಿದ್ದರು. ಟಾಕ್ಸಿನ್ ಅನ್ನೋ ಹೆಸರೂ ಅದರಿಂದಲೇ.

ಎರಡನೆಯದು, ಮದ್ದು ಪ್ರತಿ ಸಲ ಒಂದೇ ಥರ ಇರಲಿಲ್ಲ. ವರ್ಷಗಳ ಅವಧಿಯಲ್ಲಿ ಹತ್ತಕ್ಕೂ ಹೆಚ್ಚು ಬಗೆಯ ತಯಾರಿಕೆಗಳು ಬಳಕೆಯಲ್ಲಿದ್ದವು. ಕೆಲವು ಬಲವಾದವು, ಕೆಲವು ನೀರಿನ ಹಾಗೆ. 1899ರಿಂದ ಪಾರ್ಕ್ ಡೇವಿಸ್ ಕಂಪನಿ ಇದನ್ನು ತಯಾರಿಸಿ ಮಾರತೊಡಗಿತು. ಅದನ್ನು ತರಿಸಿಕೊಂಡ ಬೇರೆ ಡಾಕ್ಟರುಗಳು ಒಬ್ಬರು ಚರ್ಮದಡಿ ಕೊಟ್ಟರು, ಇನ್ನೊಬ್ಬರು ಗಡ್ಡೆಗೆ ಕೊಟ್ಟರು. ಒಬ್ಬರು ಜ್ವರ ಬಂದ ಕೂಡಲೇ ಹೆದರಿ ನಿಲ್ಲಿಸಿದರು, ಇನ್ನೊಬ್ಬರು ತಿಂಗಳುಗಟ್ಟಲೆ ಮುಂದುವರಿಸಿದರು. ಹೀಗಾದಾಗ ಫಲಿತಾಂಶ ಒಂದೇ ಬರೋದು ಹೇಗೆ? ಲ್ಯಾಬ್‌ನಲ್ಲಿ ನಮ್ಮ ಕಾಂಕ್ರೀಟ್ ಕ್ಯೂಬು ಒಂದು ಬ್ಯಾಚಿನಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್ ಆದಾಗ ಸರ್ ಮೊದಲು ಕೇಳುವುದೇ ಮಿಕ್ಸ್ ಪ್ರಮಾಣ ಬರೆದಿಟ್ಟಿದ್ದೀರಾ ಅಂತ. ಕೋಲಿ ಉತ್ಸಾಹಿ ಸರ್ಜನ್, ಆದರೆ ಲೆಕ್ಕ ಬರೆದಿಡುವುದರಲ್ಲಿ ಸಡಿಲ. ಹೋಲಿಕೆಗೆ ಚಿಕಿತ್ಸೆ ಕೊಡದ ಗುಂಪು ಇಟ್ಟುಕೊಳ್ಳುವ ಪದ್ಧತಿಯೂ ಆ ಕಾಲಕ್ಕೆ ಬಂದಿರಲಿಲ್ಲ.

ಮೂರನೆಯದು, ಎಕ್ಸ್‌ರೇ. 1895ರಲ್ಲಿ ರಾಂಟ್‌ಗೆನ್ ಅದನ್ನು ಕಂಡುಹಿಡಿದರು, ಕೆಲವೇ ವರ್ಷಗಳಲ್ಲಿ ರೇಡಿಯಂ ಕೂಡ ಬಂತು. ಕಿರಣದ ಪ್ರಮಾಣ ಅಳೆಯಬಹುದು, ಯಂತ್ರ ಎಲ್ಲಿಟ್ಟರೂ ಒಂದೇ ರೀತಿ ನಡೆಯುತ್ತೆ, ಗಡ್ಡೆ ಕುಗ್ಗುವುದು ಕಣ್ಣಿಗೆ ಕಾಣುತ್ತೆ. ಕೋಲಿ ತಾವೂ ಎಕ್ಸ್‌ರೇ ಬಳಸಿ ನೋಡಿದರು. ಗಡ್ಡೆ ಕುಗ್ಗಿದರೂ ಬಹಳ ಜನಕ್ಕೆ ವಾಪಸ್ ಬರುತ್ತೆ ಅನ್ನೋದು ಅವರಿಗೆ ಕಂಡಿತು. ಆದರೆ ಅವರು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಜೇಮ್ಸ್ ಯೂಯಿಂಗ್ ಎಂಬ ದೊಡ್ಡ ಪೆಥಾಲಜಿಸ್ಟ್ ಇದ್ದರು. ಮೂಳೆ ಕ್ಯಾನ್ಸರಿನ ಒಂದು ಬಗೆಗೆ ಇಂದಿಗೂ ಅವರದೇ ಹೆಸರಿದೆ. ಯೂಯಿಂಗ್ ರೇಡಿಯಂ ಪಕ್ಷ. ಕೋಲಿಯ ವಿಧಾನವನ್ನು ಅವರು ಒಪ್ಪಲೇ ಇಲ್ಲ. ಒಂದೇ ಸೂರಿನಡಿ ಇಬ್ಬರ ಜಗಳ ವರ್ಷಗಟ್ಟಲೆ ನಡೆಯಿತು.

ಕೋಲಿ ನಿಲ್ಲಿಸಲಿಲ್ಲ. ಅವರ ಕೈಯಲ್ಲಿ ಈ ಚಿಕಿತ್ಸೆ ಪಡೆದವರು ಸುಮಾರು ಸಾವಿರ ಜನ. ಸಾರ್ಕೋಮಾದವರಲ್ಲಿ ಫಲ ಹೆಚ್ಚು, ಬೇರೆ ಕ್ಯಾನ್ಸರುಗಳಲ್ಲಿ ಕಡಿಮೆ. ಸಿಗರೇಟು ಇನ್ನೂ ಜಗತ್ತನ್ನು ಆವರಿಸದ ಆ ದಿನಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪರೂಪದ ಕಾಯಿಲೆಯಾಗಿತ್ತು. ಬೆಸ್ಸಿಯ ಆಪ್ತ ಗೆಳೆಯನಾಗಿದ್ದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್, ಅದೇ ಸ್ಟ್ಯಾಂಡರ್ಡ್ ಆಯಿಲ್ ಕುಟುಂಬದ ಮಗ, ಆಕೆಯ ಸಾವನ್ನು ಮರೆತಿರಲಿಲ್ಲ. ಮುಂದೆ ಕ್ಯಾನ್ಸರ್ ಸಂಶೋಧನೆಗೆ ಆ ಮನೆತನದಿಂದ ದೊಡ್ಡ ಮೊತ್ತಗಳು ಹರಿದುಬಂದವು.

1936ರ ಏಪ್ರಿಲ್ 16ರಂದು, 74ನೇ ವಯಸ್ಸಿನಲ್ಲಿ ಕೋಲಿ ತೀರಿಕೊಂಡರು. ಅವರ ಜೊತೆಗೇ ಅವರ ವಿಧಾನವೂ ಮೂಲೆಗೆ ಸೇರಿತು. 1965ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕೋಲಿ ಟಾಕ್ಸಿನ್ನನ್ನು ಸಾಬೀತಾಗದ ಚಿಕಿತ್ಸೆಗಳ ಪಟ್ಟಿಗೆ ಹಾಕಿತು.

ಮಗಳು ತೆರೆದ ಪೆಟ್ಟಿಗೆಗಳು

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡವರು ಮಗಳು ಹೆಲೆನ್ ಕೋಲಿ ನಾಟ್ಸ್. ಅವರು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಅಪ್ಪನ ಜೀವನಚರಿತ್ರೆ ಬರೆಯೋಣ ಅಂತ ಹಳೆಯ ಕಾಗದಪತ್ರ ಕೆದಕಿದಾಗ ಸಾವಿರಾರು ಪತ್ರ, ಟಿಪ್ಪಣಿ, ರೋಗಿಗಳ ವಿವರ ಸಿಕ್ಕಿದವು. ಅಪ್ಪ ಮಾಡದೆ ಬಿಟ್ಟಿದ್ದ ಕೆಲಸವನ್ನು ಹೆಲೆನ್ ಮಾಡಿದರು. ಒಬ್ಬೊಬ್ಬ ರೋಗಿಗೂ ಯಾವ ತಯಾರಿಕೆ, ಎಷ್ಟು ಡೋಸ್, ಎಲ್ಲಿಗೆ ಚುಚ್ಚಿದ್ದು, ಎಷ್ಟು ಜ್ವರ ಬಂತು, ಎಷ್ಟು ವರ್ಷ ಬದುಕಿದರು ಅಂತ ಕೂತು ಪಟ್ಟಿ ಮಾಡಿದರು. ಸಾವಿರಕ್ಕೂ ಹೆಚ್ಚು ಕೇಸುಗಳು. ಜೋಡಿಸಿದಾಗ ಒಂದು ಮಾದರಿ ಕಾಣತೊಡಗಿತು. ಬಲವಾದ ತಯಾರಿಕೆಯನ್ನು, ಜ್ವರ ಬರುವಷ್ಟು ಡೋಸಿನಲ್ಲಿ, ದೀರ್ಘಕಾಲ ಕೊಟ್ಟವರಲ್ಲಿ ಬದುಕಿದವರು ಹೆಚ್ಚು.

1953ರಲ್ಲಿ ಹೆಲೆನ್ ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಅದರ ಜೊತೆ ದಶಕಗಳ ಕಾಲ ದುಡಿದ ಲಾಯ್ಡ್ ಓಲ್ಡ್ ಎಂಬ ವಿಜ್ಞಾನಿಯ ತಂಡ 1975ರಲ್ಲಿ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ವರದಿ ಮಾಡಿತು. ಬ್ಯಾಕ್ಟೀರಿಯಾದ ಅಂಶ ಒಳಗೆ ಹೋದಾಗ ನಮ್ಮದೇ ರಕ್ಷಣಾ ಕೋಶಗಳು ಹೊರಬಿಡುವ ವಸ್ತು ಅದು. ಕೋಲಿಯ ರೋಗಿಗಳ ಮೈಯಲ್ಲಿ ನಡೆದದ್ದು ಏನು ಅನ್ನೋದಕ್ಕೆ ಮೊದಲ ಗಟ್ಟಿ ಸುಳಿವು ಹೀಗೆ ಸಿಕ್ಕಿತು. ಅದೇ ವರ್ಷ ಕ್ಯಾನ್ಸರ್ ಸೊಸೈಟಿ ತನ್ನ ಪಟ್ಟಿಯಿಂದ ಕೋಲಿ ಹೆಸರನ್ನು ತೆಗೆದುಹಾಕಿತು. ಕ್ಷಯಕ್ಕೆ ಮಕ್ಕಳಿಗೆ ಹಾಕುವ ಬಿಸಿಜಿ ಲಸಿಕೆ ಇದೆಯಲ್ಲ, ಅದನ್ನೇ ಮೂತ್ರಕೋಶದ ಕ್ಯಾನ್ಸರ್ ಬಂದವರಿಗೆ ಮೂತ್ರಕೋಶದೊಳಗೆ ಬಿಡುವ ಚಿಕಿತ್ಸೆ 1976ರಲ್ಲಿ ವರದಿಯಾಗಿ, ಇಂದಿಗೂ ಬಳಕೆಯಲ್ಲಿದೆ. ಕೋಲಿಯ ವಿಚಾರದ ನೇರ ಮೊಮ್ಮಗು ಅಂದರೆ ಅದೇ.

ದೊಡ್ಡಪ್ಪನ ಶ್ವಾಸಕೋಶಕ್ಕೂ ಇದಕ್ಕೂ ಏನು ಸಂಬಂಧ?

ಟಿ-ಜೀವಕೋಶಗಳು ಮೈಯೊಳಗೆ ಗಸ್ತು ತಿರುಗುವ ಕಾವಲಿನವರು. ನಮ್ಮದೇ ಅಂಗಗಳ ಮೇಲೆ ಎಗರದಂತೆ ಅವಕ್ಕೆ ಬ್ರೇಕ್ ಇದೆ. ಅಂಥ ಒಂದು ಬ್ರೇಕಿನ ಹೆಸರು ಪಿಡಿ-1. ಜಪಾನಿನ ತಸುಕು ಹೊಂಜೊ ತಂಡ 1992ರಲ್ಲಿ ಇದನ್ನು ಗುರುತಿಸಿತು. ಎಷ್ಟೋ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತುಕೊಂಡು, ಕಾವಲಿನವನು ಹತ್ತಿರ ಬಂದಾಗ ಆ ಬ್ರೇಕನ್ನೇ ಒತ್ತಿಬಿಡುತ್ತವೆ. ಕೋಲಿ ಮಾಡಿದ್ದು ಆಕ್ಸಿಲರೇಟರ್ ತುಳಿದ ಹಾಗೆ. ಬ್ರೇಕ್ ಒಂದಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಈಗಿನ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಂಥ ಔಷಧಗಳು ಬ್ರೇಕಿನ ಪೆಡಲ್ಲಿಗೆ ಅಡ್ಡ ಕೂರುವ ಆಂಟಿಬಾಡಿಗಳು. 2015ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಅಮೆರಿಕದಲ್ಲಿ ಇವಕ್ಕೆ ಒಪ್ಪಿಗೆ ಸಿಕ್ಕಿತು. 2018ರ ವೈದ್ಯಕೀಯ ನೊಬೆಲ್ ಹೊಂಜೊ ಮತ್ತು ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್‌ಗೆ ಬಂತು. ದೊಡ್ಡಪ್ಪನಿಗೆ ಬರೆದುಕೊಟ್ಟ ಟೆಸ್ಟು, ಅವರ ಗಡ್ಡೆಯ ತುಣುಕಿನಲ್ಲಿ ಈ ಪಿಡಿ-ಎಲ್1 ಎಷ್ಟಿದೆ ಅಂತ ನೋಡುವುದೇ.

ಇದು ಎಲ್ಲರಿಗೂ ಕೆಲಸ ಮಾಡಲ್ಲ. ಬ್ರೇಕ್ ಬಿಟ್ಟ ಕಾವಲಿನವರು ಥೈರಾಯ್ಡ್, ಕರುಳು, ಒಳ್ಳೆಯ ಶ್ವಾಸಕೋಶದ ಮೇಲೂ ಎಗರಬಹುದು. ಆದರೆ ಕೆಲಸ ಮಾಡಿದವರಲ್ಲಿ ಒಂದಷ್ಟು ಜನ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ, ಸ್ಟೈನ್ ಹಾಗೆ.

ಶ್ವಾಸಕೋಶದ ಕ್ಯಾನ್ಸರ್ ಬಂದವರಿಗೇ ಹಾಕುವ ಲಸಿಕೆಯೂ ಇದೆ. ಕ್ಯೂಬಾದ ಹವಾನಾದಲ್ಲಿರುವ ಮಾಲಿಕ್ಯುಲರ್ ಇಮ್ಯುನಾಲಜಿ ಕೇಂದ್ರ ತಯಾರಿಸಿದ ಸಿಮಾವ್ಯಾಕ್ಸ್ ಅದರ ಹೆಸರು. ಕ್ಯಾನ್ಸರ್ ಕೋಶ ಬೆಳೆಯಲು ಬಳಸುವ ಇಜಿಎಫ್ ಎಂಬ ಪ್ರೋಟೀನನ್ನು ಬ್ಯಾಕ್ಟೀರಿಯಾದ ಒಂದು ಪ್ರೋಟೀನಿಗೆ ಅಂಟಿಸಿ ಚುಚ್ಚುತ್ತಾರೆ. ಮೈ ಅದರ ವಿರುದ್ಧ ಆಂಟಿಬಾಡಿ ತಯಾರಿಸಿ, ಗಡ್ಡೆಗೆ ಹೋಗುವ ಗೊಬ್ಬರವನ್ನೇ ಕಡಿಮೆ ಮಾಡುತ್ತೆ. ಗಡ್ಡೆಯನ್ನು ಪೂರ್ತಿ ಅಳಿಸುವ ಶಕ್ತಿ ಅದಕ್ಕಿಲ್ಲ, ಆಯಸ್ಸನ್ನು ಸ್ವಲ್ಪ ಹಿಗ್ಗಿಸುತ್ತೆ. ಅದೇ ಹವಾನಾ ಕೇಂದ್ರದ ಇನ್ನೊಂದು ಔಷಧ ನಿಮೊಟುಜುಮ್ಯಾಬನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಅಂತ ನಮ್ಮ ದೇಶದಲ್ಲಿ ಬಿಡುಗಡೆ ಮಾಡಿತು. ಸೋತ ಲಸಿಕೆಗಳೂ ಬಹಳ. ಮೇಜ್-ಎ3 ಎಂಬ ಶ್ವಾಸಕೋಶದ ಕ್ಯಾನ್ಸರ್ ಲಸಿಕೆ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆಯಾಗಿ 2014ರಲ್ಲಿ ಕೈಕೊಟ್ಟಿತು. ಕೋವಿಡ್ ಲಸಿಕೆಯ ಎಂಆರ್‌ಎನ್‌ಎ ವಿಧಾನದಲ್ಲೇ ತಯಾರಾದ ಒಂದು ಹೊಸ ಲಸಿಕೆಯ ಪ್ರಯೋಗ 2024ರಲ್ಲಿ ಬ್ರಿಟನ್ ಸೇರಿ ಏಳು ದೇಶಗಳಲ್ಲಿ ನಡೆಯುತ್ತಿತ್ತು.

ಇನ್ನು ದುಡ್ಡಿನ ಮಾತು. ಬ್ರೇಕ್ ಬಿಡಿಸುವ ಔಷಧದ ಪೂರ್ತಿ ಡೋಸ್ ಒಂದೊಂದಕ್ಕೂ ಲಕ್ಷ ದಾಟಬಹುದು. ಹನೂರಿನಿಂದ ಕೊಳ್ಳೇಗಾಲ, ಕೊಳ್ಳೇಗಾಲದಿಂದ ಬೆಂಗಳೂರು ಅಂತ ಬಸ್ ಹತ್ತಿ ಬರುವ ಮನೆಗೆ ಅದು ಜಮೀನು ಮಾರುವ ಮಾತು. ಇಲ್ಲೂ ಡೋಸಿನ ಪ್ರಶ್ನೆ ಎತ್ತಿದವರಿದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತಲೆ ಮತ್ತು ಕತ್ತಿನ ಕ್ಯಾನ್ಸರ್ ರೋಗಿಗಳಲ್ಲಿ, ರೂಢಿಯ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಬರೀ 20 ಮಿಲಿಗ್ರಾಂ ನಿವೊಲುಮ್ಯಾಬನ್ನು ಇತರ ಔಷಧಗಳ ಜೊತೆ ಸೇರಿಸಿ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ. 16ರಿಂದ ಶೇ. 43ಕ್ಕೆ ಏರಿತು. 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕೋಲಿಗೆ ಇಲ್ಲದಿದ್ದ ಎರಡೂ ಇದ್ದವು: ಹೋಲಿಕೆಗೆ ಇನ್ನೊಂದು ಗುಂಪು, ಎಲ್ಲರಿಗೂ ಅಳತೆಯ ಒಂದೇ ಡೋಸ್. ಇದು ಶ್ವಾಸಕೋಶದ ಕ್ಯಾನ್ಸರಿನ ಅಧ್ಯಯನ ಅಲ್ಲ, ಹಾಗಾಗಿ ದೊಡ್ಡಪ್ಪನಿಗೂ ಹೀಗೇ ಆಗುತ್ತೆ ಅಂತ ಹೇಳೋಕಾಗಲ್ಲ. ಡಾಕ್ಟರನ್ನು ಕೇಳಬಹುದಾದ ಪ್ರಶ್ನೆ ಮಾತ್ರ ಹೌದು.

ದೊಡ್ಡಮ್ಮನಿಗೆ ಏನು ಹೇಳೋದು ಅಂತ ಕೊನೆಗೆ ನಾವೆಲ್ಲ ಕೂತು ತೀರ್ಮಾನಿಸಿದೆವು. ಅವರ ಹೊಲ ಕಾಡಿನ ಅಂಚಿನಲ್ಲಿದೆ, ರಾಗಿ ತೆನೆ ಬಲಿಯುವಾಗ ರಾತ್ರಿಯೆಲ್ಲ ಹಂದಿ ಕಾಯಬೇಕು. ಹಂದಿ ಬರೋಕೆ ಮುಂಚೆ ಕಾವಲಿನವನಿಗೆ ಹೆಜ್ಜೆ ಗುರುತು ತೋರಿಸಿ ಎಚ್ಚರಿಸೋದು ದಾಕು. ಹಂದಿ ಹೊಲಕ್ಕೆ ನುಗ್ಗಿಯಾಗಿದೆ, ಕಾವಲಿನವನಿಗೆ ನಿದ್ದೆ ಹತ್ತಿದೆ, ಆಗ ತಮಟೆ ಬಡಿದು ಅವನನ್ನು ಎಬ್ಬಿಸೋದು ಈ ಚಿಕಿತ್ಸೆ. ಎಬ್ಬಿಸಿದ ಕೂಡಲೇ ಬೆಳೆಯೆಲ್ಲ ಉಳಿಯುತ್ತೆ ಅಂತೇನಿಲ್ಲ. ಎಬ್ಬಿಸದಿದ್ದರೆ ಏನಾಗುತ್ತೆ ಅಂತ ಅವರಿಗೆ ನಾವು ಹೇಳಬೇಕಾಗಿಲ್ಲ.

ಗೆಳೆಯ ಈ ಶನಿವಾರ ಮತ್ತೆ ಊರಿಗೆ ಹೊರಟಿದ್ದಾನೆ. ಟೆಸ್ಟಿನ ಫಲಿತಾಂಶ ಮುಂದಿನ ವಾರ ಬರುತ್ತೆ. ಅಷ್ಟರಲ್ಲಿ ಅವನು ಮಾಡಿರುವ ಕೆಲಸ ಇಷ್ಟು: ದೊಡ್ಡಪ್ಪನ ಎಲ್ಲ ರಿಪೋರ್ಟು, ಚೀಟಿ, ಮಾತ್ರೆಯ ಹೆಸರು, ಜ್ವರ ಕೆಮ್ಮು ಬಂದ ದಿನಾಂಕಗಳನ್ನು ವರಸೆಯಾಗಿ ಜೋಡಿಸಿ ಆ ಪ್ಲಾಸ್ಟಿಕ್ ಫೈಲಿಗೆ ಹಾಕಿದ್ದಾನೆ, ಒಂದೊಂದರ ಫೋಟೋ ಕೂಡ ತೆಗೆದಿಟ್ಟಿದ್ದಾನೆ. ನಿಮ್ಮ ಮನೆಯಲ್ಲೂ ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಯಾರಿಗಾದರೂ ಇದ್ದರೆ ಈ ರಜೆಯಲ್ಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಹಳೆಯ ಚೀಟಿಗಳನ್ನೂ ತೆಗೆದುಕೊಂಡು ಹೋಗಿ.